ಲೋಕವನ್ನು ಅರಿತ ಮೇಲಷ್ಟೇ ದಕ್ಕುವ ದುಃಖ

ಎನ್.ಕೆ. ಜೆಮಿಸಿನ್ ಬರೆದ ‘ದಿ ಫಿಫ್ತ್ ಸೀಸನ್’ ಕಾದಂಬರಿಯ ಮೊದಲ ಪುಟಗಳಲ್ಲೇ ಒಂದು ಮಗು ಸತ್ತು ಬಿದ್ದಿದೆ. ಇನ್ನೂ ಮೂರು ವರ್ಷ ತುಂಬದ ಹುಡುಗ, ಹೆಸರು ಊಚೆ. ಹೊಡೆದು ಕೊಂದವನು ಹೆತ್ತ ತಂದೆಯೇ. ಮನೆಗೆ ಬಂದ ತಾಯಿ ಎಸ್ಸುನ್ ಆ ಪುಟ್ಟ ದೇಹಕ್ಕೆ ಕಂಬಳಿ ಹೊದಿಸುತ್ತಾಳೆ, ಮುಖವನ್ನು ಮಾತ್ರ ಮುಚ್ಚುವುದಿಲ್ಲ. ಮಗನಿಗೆ ಕತ್ತಲೆಂದರೆ ಹೆದರಿಕೆ. ಅದೇ ಪುಟಗಳಲ್ಲಿ, ದೂರದ ರಾಜಧಾನಿಯಲ್ಲಿ ನಿಂತ ಒಬ್ಬ ಮನುಷ್ಯ ಇಡೀ ಭೂಖಂಡವನ್ನು ಈ ಕೊನೆಯಿಂದ ಆ ಕೊನೆಗೆ ಸೀಳಿಬಿಡುತ್ತಾನೆ. ಒಂದು ಮನೆಯ ನೆಲದ ಮೇಲೆ, ಇನ್ನೊಂದು ಇಡೀ ಭೂಮಿಯ ಮೇಲೆ: ಎರಡು ನಾಶಗಳು ಅಕ್ಕಪಕ್ಕದಲ್ಲಿ ನಡೆಯುತ್ತವೆ.

ಇಷ್ಟಾದರೂ ಈ ಪುಟಗಳು ಮೊದಲ ಓದಿಗೆ ನಮ್ಮನ್ನು ಪೂರ್ತಿಯಾಗಿ ಅಲುಗಾಡಿಸುವುದಿಲ್ಲ. ಮಗುವಿನ ಸಾವು ಯಾರನ್ನಾದರೂ ಕಲಕುತ್ತದೆ ನಿಜ, ಆದರೆ ಅದು ಯಾವ ಮಗು ಸತ್ತರೂ ಆಗುವ ಸಂಕಟ. ತಂದೆ ಯಾಕೆ ಕೊಂದ, ತಾಯಿ ಯಾಕೆ ಕಿರುಚಲಿಲ್ಲ, ಊರವರನ್ನು ಯಾಕೆ ಕರೆಯಲಿಲ್ಲ ಎಂಬುದು ನಮಗೆ ಗೊತ್ತಿರುವುದಿಲ್ಲ. ಮೂರು ಸಂಪುಟ ಮುಗಿಸಿ ಮತ್ತೆ ಈ ಪುಟಗಳಿಗೆ ಬಂದರೆ ಅದೇ ಸಾಲುಗಳು ಓದಲಾಗದಷ್ಟು ಭಾರವಾಗಿರುತ್ತವೆ. ಸಾಲು ಬದಲಾಗಿಲ್ಲ, ನಾವು ಒಂದು ಲೋಕವನ್ನು ಕಲಿತು ಬಂದಿದ್ದೇವೆ. ನನ್ನ ವಾದವೆಲ್ಲ ಇಷ್ಟರಲ್ಲೇ ಇದೆ. ಇಂಥ ಕಾದಂಬರಿಯಲ್ಲಿ ಲೋಕನಿರ್ಮಾಣವೆಂದರೆ ಭಾವಕ್ಕೆ ಹಾಕಿದ ಹಿನ್ನೆಲೆಯ ಪರದೆಯಲ್ಲ. ಭಾವ ಹುಟ್ಟುವುದೇ ಅದರಿಂದ. ಆ ಲೋಕವನ್ನು ಕಲಿಯುವ ಶ್ರಮವನ್ನು ತಪ್ಪಿಸಿದರೆ ಆ ದುಃಖವೂ ನಮಗೆ ದಕ್ಕುವುದಿಲ್ಲ.

2015ರಲ್ಲಿ ಬಂದ ಈ ಕಾದಂಬರಿಯ ಮುಂದಿನ ಭಾಗಗಳು ‘ದಿ ಒಬೆಲಿಸ್ಕ್ ಗೇಟ್’ (2016) ಮತ್ತು ‘ದಿ ಸ್ಟೋನ್ ಸ್ಕೈ’ (2017). ಮೂರೂ ಸೇರಿ ‘ಬ್ರೋಕನ್ ಅರ್ಥ್’ ತ್ರಿವಳಿ. 2016, 2017, 2018ರಲ್ಲಿ ಸತತವಾಗಿ ಅತ್ಯುತ್ತಮ ಕಾದಂಬರಿಯ ಹ್ಯೂಗೊ ಪ್ರಶಸ್ತಿ ಈ ಮೂರಕ್ಕೂ ಬಂತು. ಮೂರು ವರ್ಷ ಒಂದರ ಹಿಂದೊಂದು ಆ ಪ್ರಶಸ್ತಿ ಪಡೆದವರು ಅದಕ್ಕೆ ಮೊದಲು ಇರಲಿಲ್ಲ. ಆ ವಿಭಾಗದಲ್ಲಿ ಗೆದ್ದ ಮೊದಲ ಕಪ್ಪುಜನಾಂಗದ ಲೇಖಕಿಯೂ ಜೆಮಿಸಿನ್ನರೇ. ಹೀಗಿದ್ದೂ ಈ ಪುಸ್ತಕವನ್ನು ಐವತ್ತು ಪುಟಕ್ಕೆ ಮುಚ್ಚಿಟ್ಟವರು ಬೇಕಾದಷ್ಟು ಸಿಗುತ್ತಾರೆ. ಅವರ ದೂರು ಒಂದೇ: ಹೆಸರುಗಳು ವಿಚಿತ್ರ, ಪದಗಳು ಅಪರಿಚಿತ, ಯಾರು ಏನೆಂದು ತಿಳಿಯುವುದಿಲ್ಲ, ಕೊನೆಯಲ್ಲಿ ಪದಕೋಶ ಬೇರೆ ಇದೆ. ಕಥೆ ಹೇಳಲು ಇಷ್ಟೆಲ್ಲ ಯಾಕೆ ಎಂದು ಅವರು ಕೇಳುತ್ತಾರೆ. ಅದು ಸರಿಯಾದ ಪ್ರಶ್ನೆ, ಸರಿಯಾದ ಉತ್ತರವನ್ನೂ ಬೇಡುತ್ತದೆ.

ಆ ಲೋಕದ ಹೆಸರು ಸ್ಟಿಲ್‌ನೆಸ್. ಒಂದೇ ಒಂದು ಮಹಾಭೂಖಂಡ, ಕಾಲ ಕೆಳಗಿನ ನೆಲ ಎಂದೂ ಸುಮ್ಮನಿರದ ಜಾಗ. ಕೆಲವು ಶತಮಾನಗಳಿಗೊಮ್ಮೆ ದೊಡ್ಡ ಭೂಕಂಪವೋ ಜ್ವಾಲಾಮುಖಿಯೋ ಎದ್ದು, ಬೂದಿ ಆಕಾಶ ಮುಚ್ಚಿ, ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಬಿಸಿಲಿಲ್ಲದ ಚಳಿ ಕವಿಯುತ್ತದೆ. ನಾಲ್ಕು ಋತುಗಳಾಚೆಯ ಈ ಐದನೆಯ ಋತುವೇ ಪುಸ್ತಕದ ಹೆಸರು. ಇದು ಬರೀ ಕಲ್ಪನೆಯೂ ಅಲ್ಲ. 1815ರ ಏಪ್ರಿಲ್‌ನಲ್ಲಿ ಇಂಡೊನೇಷ್ಯಾದ ತಂಬೋರಾ ಪರ್ವತ ಸಿಡಿದಾಗ ಮರುವರ್ಷ ಯೂರೋಪಿಗೂ ಉತ್ತರ ಅಮೆರಿಕಕ್ಕೂ ಬೇಸಿಗೆಯೇ ಬರಲಿಲ್ಲ, ಬೆಳೆ ನೆಲಕಚ್ಚಿತು. ಅದಕ್ಕೂ ಬಹಳ ಹಿಂದೆ, ಸುಮಾರು 74,000 ವರ್ಷಗಳ ಕೆಳಗೆ ಸುಮಾತ್ರಾದ ಟೋಬಾ ಉಗುಳಿದ ಬೂದಿ ನಮ್ಮ ಗಡಿಯಾಚೆಯ ಕರ್ನೂಲು ಸೀಮೆಯ ಜ್ವಾಲಾಪುರದಲ್ಲಿ ಇವತ್ತಿಗೂ ಪದರವಾಗಿ ಕಾಣುತ್ತದೆ. ಜೆಮಿಸಿನ್ ಮಾಡಿದ್ದು ಇಷ್ಟು: ಅಪರೂಪಕ್ಕೆ ಆಗುವುದು ಮತ್ತೆ ಮತ್ತೆ ಆಗುವಂತಿದ್ದರೆ ಮನುಷ್ಯರು ಎಂಥ ಸಮಾಜ ಕಟ್ಟಿಕೊಳ್ಳುತ್ತಿದ್ದರು ಎಂದು ಪಟ್ಟು ಹಿಡಿದು ಯೋಚಿಸಿದ್ದು.

ಆ ಸಮಾಜ ಉಳಿವಿನ ಲೆಕ್ಕದ ಮೇಲೆ ನಿಂತಿದೆ. ಪ್ರತಿ ಊರಿಗೂ ಗೋಡೆ, ಕಣಜ. ಪ್ರತಿಯೊಬ್ಬರಿಗೂ ಹುಟ್ಟಿನಿಂದ ಒಂದು ಕೆಲಸದ ವರ್ಗ: ಮೈಬಲದವರು, ರೋಗ ತಡೆದುಕೊಳ್ಳುವವರು, ಹೆರುವವರು, ಹೊಸತು ಕಂಡುಹಿಡಿಯುವವರು, ಆಳುವವರು. ಹೆಸರಿನ ಜೊತೆ ಆ ವರ್ಗವೂ ಊರೂ ಅಂಟಿಕೊಂಡೇ ಬರುತ್ತವೆ. ಋತು ಬಂದಾಗ ಯಾರನ್ನು ಒಳಗಿಟ್ಟುಕೊಳ್ಳಬೇಕು, ಯಾರನ್ನು ಗೋಡೆಯಾಚೆ ತಳ್ಳಬೇಕು ಎಂಬುದು ಕಲ್ಲಿನಲ್ಲಿ ಕೊರೆದ ನೀತಿಯಾಗಿ ಮಕ್ಕಳಿಗೂ ಬಾಯಿಪಾಠ. ಈ ವ್ಯವಸ್ಥೆಯ ಅಡಿಯಲ್ಲಿ ಒರೊಜೀನ್‌ಗಳಿದ್ದಾರೆ. ನೆಲದ ಕಂಪನವನ್ನು ಒಳಗೇ ಅರಿತು ತಡೆಯಬಲ್ಲ, ಬೇಕೆಂದರೆ ಎಬ್ಬಿಸಲೂಬಲ್ಲ ಶಕ್ತಿಯೊಂದಿಗೆ ಹುಟ್ಟಿದವರು. ಸಮಾಜ ಬದುಕಿರುವುದೇ ಅವರಿಂದ. ಆದರೆ ಹಳ್ಳಿಗಳಲ್ಲಿ ಅಂಥ ಮಗು ಹುಟ್ಟಿದೆಯೆಂದು ತಿಳಿದರೆ ಕೊಲ್ಲುತ್ತಾರೆ. ಸಿಕ್ಕಿದವರನ್ನು ರಾಜಧಾನಿ ಯುಮೆನೆಸ್‌ನ ಫಲ್‌ಕ್ರಮ್ ಎಂಬ ಸಂಸ್ಥೆಗೆ ಒಯ್ದು ಪಳಗಿಸುತ್ತಾರೆ. ಅಲ್ಲಿ ಹಳೆಯ ಹೆಸರು ಹೋಗಿ ಕಲ್ಲಿನ ಹೆಸರು ಬರುತ್ತದೆ: ಸಯನೈಟ್, ಅಲಬಾಸ್ಟರ್, ಫೆಲ್ಡ್‌ಸ್ಪಾರ್. ಅವರನ್ನು ಕಾಯಲು, ಬೇಕಾದಾಗ ಕೊಲ್ಲಲು ಗಾರ್ಡಿಯನ್‌ಗಳಿದ್ದಾರೆ.

ಇದೆಲ್ಲ ಒಂದೇ ಅಧ್ಯಾಯದಲ್ಲಿ ವಿವರಣೆಯಾಗಿ ಬಂದಿದ್ದರೆ ದೂರು ನ್ಯಾಯವಾಗಿರುತ್ತಿತ್ತು. ಆದರೆ ಇಲ್ಲಿ ಲೋಕದ ಪ್ರತಿಯೊಂದು ನಿಯಮವೂ ಯಾರದೋ ಮೈಮೇಲೆ ನಡೆದ ಮೇಲೆಯೇ ನಮಗೆ ತಿಳಿಯುತ್ತದೆ. ದಮಾಯಾ ಎಂಬ ಹುಡುಗಿಯ ಪ್ರಸಂಗ ನೋಡಿ. ಅವಳ ಶಕ್ತಿ ಹೊರಬಿದ್ದದ್ದಕ್ಕೆ ಹೆತ್ತವರು ಅವಳನ್ನು ಚಳಿಯಲ್ಲಿ ಕೊಟ್ಟಿಗೆಗೆ ಹಾಕಿದ್ದಾರೆ. ಕರೆದೊಯ್ಯಲು ಬಂದ ಗಾರ್ಡಿಯನ್ ಶಾಫಾ ಅವಳೊಡನೆ ಮೆತ್ತಗೆ ಮಾತಾಡುತ್ತಾನೆ, ಕುದುರೆಯ ಮೇಲೆ ಮುಂದೆ ಕೂರಿಸಿಕೊಳ್ಳುತ್ತಾನೆ, ಕಥೆ ಹೇಳುತ್ತಾನೆ. ಆಮೇಲೆ ದಾರಿಯಲ್ಲೇ ಅವಳ ಕೈಯ ಮೂಳೆಗಳನ್ನು ಮುರಿಯುತ್ತಾನೆ. ನೋವಿನಲ್ಲೂ ಅವಳು ಶಕ್ತಿಯನ್ನು ಹಿಡಿದಿಟ್ಟುಕೊಳ್ಳುತ್ತಾಳೋ ಇಲ್ಲವೋ ಎಂಬ ಪರೀಕ್ಷೆ ಅದು. ಮುರಿಯುತ್ತಲೇ ತಾನು ಅವಳನ್ನು ಪ್ರೀತಿಸುತ್ತೇನೆ ಎನ್ನುತ್ತಾನೆ. ಸುಳ್ಳು ಹೇಳುತ್ತಿಲ್ಲ, ಅದೇ ಭೀಕರ. ಪ್ರೀತಿಯನ್ನೂ ಹಿಡಿತವನ್ನೂ ಬೇರೆ ಮಾಡಲಾಗದಂತೆ ಹೆಣೆದ ವ್ಯವಸ್ಥೆಯೊಂದು ಆ ಒಂದು ಕ್ಷಣದಲ್ಲಿ ನಮಗೆ ಪೂರ್ತಿ ಅರ್ಥವಾಗುತ್ತದೆ.

ಇಲ್ಲಿಂದ ಮುಂದೆ ಕಥೆಯ ಗುಟ್ಟುಗಳನ್ನು ಹೇಳದೆ ವಾದ ಮುಂದುವರಿಯದು. ಹೊಸದಾಗಿ ಓದಬೇಕೆಂದಿರುವವರು ಇದನ್ನು ತಿಳಿದಿರಲಿ. ಮೊದಲ ಕಾದಂಬರಿಯಲ್ಲಿ ಮೂವರು ಹೆಣ್ಣುಗಳಿದ್ದಾರೆ: ಹುಡುಗಿ ದಮಾಯಾ, ತರುಣಿ ಸಯನೈಟ್, ನಡುವಯಸ್ಸಿನ ಎಸ್ಸುನ್. ಮೂವರೂ ಒಬ್ಬಳೇ. ಬದುಕಿ ಉಳಿಯಲು ಅವಳು ಪ್ರತಿ ಸಲವೂ ತನ್ನನ್ನೇ ಹಿಂದೆ ಬಿಟ್ಟು ಹೊಸ ಹೆಸರು ಹೊತ್ತು ನಡೆದಿದ್ದಾಳೆ. ಎಸ್ಸುನ್‌ಳ ಭಾಗವನ್ನು ಮಾತ್ರ ‘ನೀನು’ ಎಂದು ಕರೆದು ಹೇಳಲಾಗಿದೆ. ಎರಡನೆಯ ಸಂಪುಟದಲ್ಲಿ ಎಸ್ಸುನ್‌ಳ ಮಗಳು ನಸ್ಸುನ್‌ಳ ನೆನಪಿನಿಂದ ಒಂದು ಸಂಗತಿ ಹೊರಬರುತ್ತದೆ. ಮಗಳಿಗೆ ಗುಟ್ಟಾಗಿ ಹಿಡಿತ ಕಲಿಸುವಾಗ ಎಸ್ಸುನ್ ಕೂಡ ಅವಳ ಕೈ ಮುರಿದಿದ್ದಳು. ಅವಳು ಕಲಿತಿದ್ದ ಪಾಠ ಅದೊಂದೇ. ಪಾಠ ಹೇಳುವ ದಾರಿಯೂ ಅದೊಂದೇ ಗೊತ್ತಿತ್ತು.

ನನಗೆ ತಿಳಿದಂತೆ, ಹಿಂಸೆ ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಹೇಗೆ ದಾಟುತ್ತದೆ ಎಂಬುದನ್ನು ಇಷ್ಟು ನಿಖರವಾಗಿ ತೋರಿಸಿದ ಪುಟಗಳು ಕಡಿಮೆ. ಈ ಸಂಗತಿಯನ್ನು ವಾಸ್ತವವಾದಿ ಕಾದಂಬರಿಯಲ್ಲಿ ಬರೆಯಲಾಗದು ಎಂದಲ್ಲ. ಆದರೆ ಅಲ್ಲಿ ಓದುಗ ತಕ್ಷಣ ತೀರ್ಪು ಕೊಡುತ್ತಾನೆ: ಕೆಟ್ಟ ತಾಯಿ. ಇಲ್ಲಿ ಆ ತೀರ್ಪಿನ ದಾರಿ ಮುಚ್ಚಿದೆ. ಹಿಡಿತ ತಪ್ಪಿದ ಮಗುವಿಗೆ ಊರವರು ಏನು ಮಾಡುತ್ತಾರೆ, ಫಲ್‌ಕ್ರಮ್ ಏನು ಮಾಡುತ್ತದೆ ಎಂಬ ಎರಡನ್ನೂ ನಾವು ಕಣ್ಣಾರೆ ಕಂಡಿದ್ದೇವೆ. ತಾಯಿಯ ಹೆದರಿಕೆಯ ಲೆಕ್ಕ ನಮಗೂ ಗೊತ್ತು. ಆದ್ದರಿಂದ ಅವಳನ್ನು ಕ್ಷಮಿಸಲೂ ಆಗದೆ ದೂಷಿಸಲೂ ಆಗದೆ ನಿಲ್ಲುತ್ತೇವೆ, ಸಿಟ್ಟು ಅವಳನ್ನು ದಾಟಿ ಆ ಪಾಠವನ್ನು ಸೃಷ್ಟಿಸಿದವರತ್ತ ಹೋಗುತ್ತದೆ.

ಕನ್ನಡದ ಓದುಗರಿಗೆ ಇದನ್ನು ನಮ್ಮದೇ ಕಾವ್ಯಮೀಮಾಂಸೆಯ ಮಾತಿನಲ್ಲಿ ಹೇಳಬಹುದು. ರಸವನ್ನು ಹೆಸರಿಟ್ಟು ಹೇಳಿದರೆ ಅದು ದೋಷ, ಅದು ವಿಭಾವ, ಅನುಭಾವ, ಸಂಚಾರಿಗಳ ಮೂಲಕವೇ ಹುಟ್ಟಬೇಕು ಎಂಬುದು ಆಲಂಕಾರಿಕರ ತೀರ್ಮಾನ, ತೀ.ನಂ. ಶ್ರೀಕಂಠಯ್ಯನವರು ‘ಭಾರತೀಯ ಕಾವ್ಯಮೀಮಾಂಸೆ’ಯಲ್ಲಿ ಇದನ್ನು ನಮಗಾಗಿ ತಿಳಿಯಾಗಿ ವಿವರಿಸಿದ್ದಾರೆ. ರಾಮ, ಸೀತೆ, ಕಾಡು, ರಾಜ್ಯಗಳನ್ನು ಬಲ್ಲ ಕೇಳುಗರಿಗೆ ವಿಭಾವದ ಅರ್ಧ ಕೆಲಸ ಮೊದಲೇ ಮುಗಿದಿರುತ್ತದೆ. ಹೊಸ ಲೋಕ ಕಟ್ಟುವ ಲೇಖಕಿಗೆ ಆ ಅನುಕೂಲ ಇಲ್ಲ. ವಿಭಾವವನ್ನು ನೆಲದಿಂದ ಎಬ್ಬಿಸಬೇಕು. ಊರು, ವರ್ಗ, ಕಲ್ಲಿನ ನೀತಿ, ಬೂದಿ, ಕಣಜ ಎಲ್ಲವೂ ಆ ಕೆಲಸದ ಭಾಗ. ಅದನ್ನು ‘ವಿವರಗಳ ಹೊರೆ’ ಎನ್ನುವವರು ಕರುಣರಸ ಬೇಕು, ಅದರ ಕಾರಣ ಬೇಡ ಎಂದಂತೆ.

ಮೊದಲ ಸಂಪುಟದ ನಡುವೆ ಒಂದು ಠಾಣೆ ಬರುತ್ತದೆ. ನೆಲವನ್ನು ಸದಾ ಶಾಂತವಾಗಿಡಲು ಭೂಖಂಡದುದ್ದಕ್ಕೂ ಇಂಥ ಠಾಣೆಗಳಿವೆ, ಅಲ್ಲಿ ಒರೊಜೀನ್‌ಗಳು ಕಾವಲಿರುತ್ತಾರೆ ಎಂದಷ್ಟೇ ನಮಗೂ ಸಯನೈಟ್‌ಗೂ ಗೊತ್ತಿತ್ತು. ಏನೋ ಬೇಸರದ, ಕೆಳದರ್ಜೆಯ ನೌಕರಿ ಎಂದು ಅವಳು ತಿಳಿದಿದ್ದಳು. ಜೊತೆಗಿದ್ದ ಒರೊಜೀನ್ ಅಲಬಾಸ್ಟರ್ ಅವಳನ್ನು ಒಳಗೆ ಕರೆದೊಯ್ದಾಗ ಕಾಣುವುದು ಕುರ್ಚಿಗೆ ಕಟ್ಟಿಹಾಕಿದ ಒಂದು ಮಗು. ಮೆದುಳಿಗೆ ಕತ್ತರಿ ಹಾಕಿ, ಯೋಚಿಸುವ ಶಕ್ತಿ ತೆಗೆದು, ಕಂಪನ ತಡೆಯುವ ಪ್ರವೃತ್ತಿಯೊಂದನ್ನೇ ಉಳಿಸಿ, ಕೊಳವೆಗಳಲ್ಲಿ ಆಹಾರ ಹರಿಸಿ ಬದುಕಿಸಿದ್ದಾರೆ. ಆ ಮಗು ತನ್ನದೇ ಇರಬಹುದು ಎಂದು ಅಲಬಾಸ್ಟರ್‌ಗೆ ಗೊತ್ತು. ಆಜ್ಞೆಯಂತೆ ಹುಟ್ಟಿಸಿದ ಅವನ ಮಕ್ಕಳಲ್ಲಿ ಕೆಲವರು ಹೋಗಿ ಸೇರಿರುವುದು ಇಂಥಲ್ಲಿಗೇ. ಅಷ್ಟರವರೆಗೆ ನಾವು ಓದುತ್ತ ಬಂದ ರಸ್ತೆ, ಊರು, ಬಂದರು, ನೆಮ್ಮದಿಯ ರಾತ್ರಿ ಎಲ್ಲವೂ ಆ ಕುರ್ಚಿಯ ಮೇಲೆ ನಿಂತಿದ್ದವು ಎಂದು ಆಗ ತಿಳಿಯುತ್ತದೆ. ನಮಗೆ ಹಿಡಿಸಿದ್ದ ಲೋಕದ ಅಂದವೂ ಅದೇ ಲೆಕ್ಕಕ್ಕೆ ಸೇರುತ್ತದೆ.

ಉರ್ಸುಲಾ ಲೆ ಗ್ವಿನ್ 1973ರಲ್ಲಿ ಬರೆದ ‘ದಿ ಒನ್ಸ್ ಹೂ ವಾಕ್ ಅವೇ ಫ್ರಮ್ ಒಮೆಲಾಸ್’ ಕಥೆಯಲ್ಲೂ ಒಂದು ನಗರದ ಸುಖವೆಲ್ಲ ನೆಲಮಾಳಿಗೆಯಲ್ಲಿ ಕೊಳೆಯುವ ಒಂದು ಮಗುವಿನ ಮೇಲೆ ನಿಂತಿದೆ. ಸಹಿಸಲಾಗದ ಕೆಲವರು ನಗರ ಬಿಟ್ಟು ಹೋಗುತ್ತಾರೆ. ಜೆಮಿಸಿನ್ ಅದಕ್ಕೆ ಉತ್ತರವಾಗಿ ‘ದಿ ಒನ್ಸ್ ಹೂ ಸ್ಟೇ ಅಂಡ್ ಫೈಟ್’ ಎಂಬ ಕಥೆಯನ್ನೇ ಬರೆದಿದ್ದಾರೆ. ನಮ್ಮ ಜನಪದರಿಗಂತೂ ಈ ಸತ್ಯ ಎಂದೋ ಗೊತ್ತಿತ್ತು. ‘ಕೆರೆಗೆ ಹಾರ’ದಲ್ಲಿ ಕಲ್ಲನಕೇರಿಯ ಮಲ್ಲನಗೌಡ ಕಟ್ಟಿಸಿದ ಕೆರೆಗೆ ನೀರು ಬರುವುದಿಲ್ಲ, ಸೊಸೆಯೊಬ್ಬಳನ್ನು ಬಲಿ ಕೊಡಬೇಕೆಂದಾಗ ಅದು ಕಿರಿಯವಳಾದ ಭಾಗೀರತಿಯ ಪಾಲಿಗೆ ಬರುತ್ತದೆ. ಆ ಹಾಡು ನಮ್ಮನ್ನು ಅಳಿಸುವುದೂ ವಿವರಗಳಿಂದಲೇ: ಯಾವ ಸೊಸೆಗೆ ಯಾವ ಕಾರಣ, ತವರಿಗೆ ಹೋದಾಗ ಯಾರು ಏನೆಂದರು, ಗಂಡ ದಂಡಿನಲ್ಲಿದ್ದ. ಊರಿನ ಒಳಿತು, ಮನೆತನದ ಲೆಕ್ಕ, ಕಿರಿಯ ಸೊಸೆಯ ಸ್ಥಾನ ಇವನ್ನರಿಯದ ಪರದೇಶದ ಕೇಳುಗನಿಗೆ ಅದು ಒಂದು ಸಾವು ಮಾತ್ರ. ನಮಗೆ ಹಾಗಲ್ಲ, ಆ ಲೋಕವನ್ನು ನಾವು ಹುಟ್ಟುತ್ತಲೇ ಕಲಿತಿದ್ದೇವೆ. ಸ್ಟಿಲ್‌ನೆಸ್ ಅನ್ನು ಪುಟ ತಿರುವಿ ಕಲಿಯಬೇಕು, ವ್ಯತ್ಯಾಸ ಅಷ್ಟೇ.

ಈ ಭಾವತೀವ್ರತೆಯನ್ನು ಅನುಮಾನಿಸುವವರೂ ಇದ್ದಾರೆ. ಮಗುವಿನ ಮೇಲೆ ಮಗುವನ್ನು ಕೊಲ್ಲುವುದು ಓದುಗನ ಕಣ್ಣೀರು ಹಿಂಡುವ ಉಪಾಯವಲ್ಲವೇ? ಮೊದಲ ಸಂಪುಟದ ಕೊನೆಯಲ್ಲಿ ಗಾರ್ಡಿಯನ್‌ಗಳು ಮುತ್ತಿದಾಗ ಸಯನೈಟ್ ತನ್ನ ಎಳೆಯ ಮಗ ಕೊರಂಡಮ್‌ನನ್ನು ತಾನೇ ಉಸಿರುಗಟ್ಟಿಸಿ ಕೊಲ್ಲುತ್ತಾಳೆ. ನನ್ನ ಉತ್ತರ ಇದು: ಆ ಠಾಣೆಯ ಕುರ್ಚಿಯನ್ನು ನೋಡಿರದಿದ್ದರೆ ಇದು ಉಪಾಯವೇ ಆಗುತ್ತಿತ್ತು. ನೋಡಿದ್ದೇವೆ, ಆದ್ದರಿಂದ ಆ ತಾಯಿ ಏನನ್ನು ತಪ್ಪಿಸುತ್ತಿದ್ದಾಳೆಂದು ನಮಗೆ ಗೊತ್ತು. ಈ ದೃಶ್ಯಕ್ಕೆ ಇತಿಹಾಸದ ನೆನಪೂ ಇದೆ. 1856ರಲ್ಲಿ ಅಮೆರಿಕದ ಕೆಂಟಕಿಯಿಂದ ಓಡಿಬಂದ ಮಾರ್ಗರೆಟ್ ಗಾರ್ನರ್ ಎಂಬ ಗುಲಾಮಗಿರಿಯಲ್ಲಿದ್ದ ಹೆಣ್ಣು, ಹಿಡಿಯಲು ಬಂದವರು ಬಾಗಿಲಲ್ಲಿದ್ದಾಗ ತನ್ನ ಎರಡು ವರ್ಷದ ಮಗಳನ್ನು ಕೊಂದಳು. ಟೋನಿ ಮಾರಿಸನ್‌ರ ‘ಬಿಲವೆಡ್’ (1987) ಹುಟ್ಟಿದ್ದು ಆ ಘಟನೆಯಿಂದ. ಇಂಥ ನಿರ್ಧಾರಗಳು ನಡೆದುಹೋಗಿವೆ. ಲೇಖಕಿ ಅವನ್ನು ಕಣ್ಣೀರಿಗಾಗಿ ಹುಟ್ಟಿಸಿದ್ದಲ್ಲ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ, ಅದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಒರೊಜೀನ್‌ಗಳು ನಿಜಕ್ಕೂ ಅಪಾಯಕಾರಿ. ಶಕ್ತಿ ಬಳಸುವಾಗ ಸುತ್ತಲಿನ ಬಿಸಿಯನ್ನೆಲ್ಲ ಅವರು ಸೆಳೆದುಕೊಳ್ಳುತ್ತಾರೆ. ಹಿಡಿತ ತಪ್ಪಿದರೆ ಹತ್ತಿರವಿದ್ದವರು ಹೆಪ್ಪುಗಟ್ಟಿ ಸಾಯುತ್ತಾರೆ. ಅಮೆರಿಕದ ಕಪ್ಪುಜನರಾಗಲಿ ನಮ್ಮ ದಲಿತರಾಗಲಿ ಯಾರಿಗೂ ಹುಟ್ಟಿನಿಂದ ಅಪಾಯಕಾರಿಗಳಲ್ಲ. ಅವರನ್ನು ದೂರವಿಟ್ಟವರ ಭಯಕ್ಕೆ ಯಾವ ಆಧಾರವೂ ಇರಲಿಲ್ಲ. ಹಾಗಿದ್ದ ಮೇಲೆ ಭಯಕ್ಕೆ ಆಧಾರವಿರುವ ಲೋಕವನ್ನು ಕಟ್ಟಿದರೆ ದಬ್ಬಾಳಿಕೆಗೆ ಸಮರ್ಥನೆ ಕೊಟ್ಟಂತಾಗದೇ?

ಬೇರೆ ಹಲವು ಕಲ್ಪಿತ ಕಥೆಗಳ ಮಟ್ಟಿಗೆ ಈ ಆಕ್ಷೇಪ ನಿಲ್ಲುತ್ತದೆ. ಇಲ್ಲಿ ನಿಲ್ಲದಿರುವುದಕ್ಕೆ ಕಾರಣ ಮತ್ತೆ ಲೋಕನಿರ್ಮಾಣವೇ. ಮಿಯೋವ್ ಎಂಬ ದ್ವೀಪದಲ್ಲಿ ಒರೊಜೀನ್‌ಗಳನ್ನು ಕೊಲ್ಲುವುದಿಲ್ಲ, ಅವರೇ ಊರ ಮುಖ್ಯಸ್ಥರು. ಫಲ್‌ಕ್ರಮ್‌ನ ಮೆಟ್ಟಿಲು ಹತ್ತದ, ಯಾರೂ ಕೈ ಮುರಿಯದ ಇನ್ನಾನ್ ಅಲ್ಲಿ ಹಡಗು ನಡೆಸುತ್ತಾನೆ, ನಗುತ್ತಾನೆ, ಶಕ್ತಿಯನ್ನೂ ಸಲೀಸಾಗಿ ಬಳಸುತ್ತಾನೆ. ಅಪಾಯ ಇತ್ತು, ಕ್ರೌರ್ಯ ಅನಿವಾರ್ಯವಾಗಿರಲಿಲ್ಲ ಎಂಬುದಕ್ಕೆ ಆ ದ್ವೀಪವೇ ಸಾಕ್ಷಿ. ಕಲ್ಲಿನ ಮೇಲೆ ಕೊರೆದ ನೀತಿಯನ್ನೂ ಕಾಲಕಾಲಕ್ಕೆ ತಿದ್ದಿದ್ದಾರೆಂದು ಅಲಬಾಸ್ಟರ್ ಬಯಲು ಮಾಡುತ್ತಾನೆ. ಸಾಮ್ರಾಜ್ಯ ಸಹಜವೆಂದು ಸಾರಿದ್ದೆಲ್ಲ ಯಾರೋ ಮಾಡಿದ ಆಯ್ಕೆ ಎಂಬುದನ್ನು ಕಾದಂಬರಿ ಉಪದೇಶವಾಗಿ ಹೇಳುವುದಿಲ್ಲ, ಇನ್ನೊಂದು ಊರನ್ನು ಕಟ್ಟಿ ತೋರಿಸುತ್ತದೆ. ಆ ಊರನ್ನೂ ಸಾಮ್ರಾಜ್ಯ ಬಿಡುವುದಿಲ್ಲ. ಪರ್ಯಾಯವೊಂದು ಇತ್ತು, ಅದನ್ನು ನಾಶಮಾಡಲಾಯಿತು ಎಂಬ ಅರಿವಿನಿಂದ ಬರುವ ದುಃಖ ಬೇರೆಯದೇ ಬಗೆಯದು.

ಕಲ್ಪಿತ ಲೋಕವೆಂದರೆ ಬದುಕಿನಿಂದ ಓಟ ಎಂಬ ಹಳೆಯ ಟೀಕೆಗೆ ಹೆಚ್ಚು ಹೊತ್ತು ಕೊಡಬೇಕಿಲ್ಲ. ಟೋಲ್ಕಿನ್ 1939ರಲ್ಲಿ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನಲ್ಲಿ ಮಾಡಿದ ಉಪನ್ಯಾಸದಲ್ಲೇ ಸೆರೆಯಾಳಿನ ಬಿಡುಗಡೆಯನ್ನೂ ರಣಹೇಡಿಯ ಪಲಾಯನವನ್ನೂ ಒಂದೇ ಎಂದು ಬಗೆಯಬಾರದೆಂದು ಹೇಳಿಬಿಟ್ಟಿದ್ದಾರೆ.

ನಮ್ಮಲ್ಲಿ ದೇವನೂರ ಮಹಾದೇವರ ‘ಕುಸುಮಬಾಲೆ’ (1984) ಬಂದಾಗಲೂ ಓದುಗರು ಐವತ್ತು ಪುಟಕ್ಕೆ ಪುಸ್ತಕ ಮುಚ್ಚಿಟ್ಟವರ ದೂರನ್ನೇ ಹೇಳಿದ್ದರು. ನಂಜನಗೂಡು ಸೀಮೆಯ ಆಡುಮಾತು ಅರ್ಥವಾಗುವುದಿಲ್ಲ, ದೀಪದ ಜೋತಮ್ಮಗಳು ಸೇರಿ ಮಾತಾಡುತ್ತವೆ, ಕಥೆಯ ಎಳೆ ಸಿಗುವುದಿಲ್ಲ ಎಂದು. ಎಲ್. ಬಸವರಾಜು ಅವರು ಅದನ್ನು ಸಾಲು ಒಡೆದು ಪದ್ಯದಂತೆ ಜೋಡಿಸಿ ಕೊಟ್ಟರು. ಓದುವುದು ಆಗ ಸುಲಭವಾಯಿತು, ಲೋಕ ಮಾತ್ರ ಸರಳವಾಗಲಿಲ್ಲ, ಆಗಬಾರದಿತ್ತು ಕೂಡ. ಜಾತಿ ಕೊಂದ ಚೆನ್ನನ ಸಾವನ್ನು ಪತ್ರಿಕೆಯ ನಾಲ್ಕು ಸಾಲಿನಲ್ಲೂ ಹೇಳಬಹುದಿತ್ತು. ಹಾಗೆ ಓದಿದ್ದರೆ ಮರುಕಪಟ್ಟು ಪುಟ ತಿರುವುತ್ತಿದ್ದೆವು. ಆ ಮಾತು, ಆ ದೀಪಗಳು, ಆ ಕೇರಿಯ ಮೂಲಕ ಹೋಗಿಬಂದವರಿಗೆ ಮಾತ್ರ ಆ ಸಾವು ಮರುಕದಲ್ಲಿ ಮುಗಿಯುವುದಿಲ್ಲ.

ತ್ರಿವಳಿಯಲ್ಲಿ ಕೊರತೆಗಳಿಲ್ಲವೆಂದು ನಾನು ಹೇಳುವುದಿಲ್ಲ. ಎರಡನೆಯ ಸಂಪುಟದಲ್ಲಿ ಎಸ್ಸುನ್ ನೆಲದಡಿಯ ಕಾಸ್ಟ್ರಿಮಾ ಊರಿನಲ್ಲಿ ನೆಲೆ ನಿಂತಾಗ ಓಟ ಕುಂದುತ್ತದೆ, ಆ ಭಾಗವನ್ನು ಎತ್ತಿಹಿಡಿಯುವುದು ನಸ್ಸುನ್‌ಳ ಕಥೆಯೇ. ಮೂರನೆಯದರಲ್ಲಿ ಆ ಲೋಕದ ಮೂಲವನ್ನು ವಿವರಿಸುವ ಅಧ್ಯಾಯಗಳು ಒಮ್ಮೊಮ್ಮೆ ಭಾವವನ್ನು ಹಿಂದೆ ಬಿಟ್ಟು ಮುಂದೆ ಓಡುತ್ತವೆ. ಲೋಕ ಕಟ್ಟುವುದೂ ಭಾವ ಹುಟ್ಟುವುದೂ ಬೇರೆಯಾದ ಕಡೆಯಲ್ಲೆಲ್ಲ ಈ ಬರಹ ಸೊರಗುತ್ತದೆ ಎಂಬುದನ್ನು ಗಮನಿಸಿದರೆ, ಎರಡೂ ಒಂದೇ ಎಂಬ ನನ್ನ ಮಾತಿಗೆ ಅದು ಇನ್ನೊಂದು ಆಧಾರ. ಆ ಮೂರನೆಯ ಸಂಪುಟ ಬರೆಯುವ ಕಾಲದಲ್ಲೇ ಜೆಮಿಸಿನ್ ತಮ್ಮ ತಾಯಿಯನ್ನು ಕಳೆದುಕೊಂಡರು. ತಾಯಿಯೂ ಮಗಳೂ ಎದುರುಬದುರು ನಿಲ್ಲುವ ಅದರ ಕೊನೆಯ ಪುಟಗಳನ್ನು ಓದುವಾಗ ನಾನು ಆ ಸಂಗತಿಯನ್ನು ಮರೆಯಲಾರೆ.

ಇದನ್ನು ಓದಬೇಕೆಂದಿರುವವರಲ್ಲಿ ನನ್ನ ಕೋರಿಕೆ ಚಿಕ್ಕದು. ಕೊನೆಯ ಪದಕೋಶವನ್ನು ಮೊದಲೇ ತೆರೆಯಬೇಡಿ, ಗೊತ್ತಾಗದ ಪದಗಳನ್ನು ಗೊತ್ತಾಗದೆಯೇ ಬಿಟ್ಟು ಮುಂದೆ ನಡೆಯಿರಿ, ಅವುಗಳ ಅರ್ಥವನ್ನು ಪಾತ್ರಗಳೇ ತಿಳಿಸುತ್ತವೆ. ಪುಸ್ತಕ ನಿಮ್ಮದಲ್ಲ ಅನ್ನಿಸಿದರೆ ಬಿಡುವ ಹಕ್ಕು ನಿಮಗಿದೆ. ಆದರೆ ಸಯನೈಟ್ ಆ ಠಾಣೆಯ ಒಳಗೆ ಹೋಗುವವರೆಗಾದರೂ ಓದಿ, ಆಮೇಲೆ ನಿರ್ಧರಿಸಿ.